ಸಂಜೆ ನಾಲ್ಕಕ್ಕೆ ನಿಲ್ಲುತ್ತಿದ್ದ ಕೈ

ದೇವದುರ್ಗದ ನಮ್ಮ ಓಣಿಯಲ್ಲಿ ಮನೆಯ ವೈಫೈ ಕೈಕೊಟ್ಟರೆ ಜನ ಮೊದಲು ಡಬ್ಬಿಯ ನೆತ್ತಿಗೆ ಎರಡು ಏಟು ಹಾಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ನಿಗಾರ್ ಅವರಿಗೆ ಫೋನ್ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದವನು. ಇಲ್ಲಿನ ಹೈಸ್ಕೂಲಿಗೆ ಗಣಿತದ ಮೇಷ್ಟರಾಗಿ ಬಂದ ಹೊಸತು. ಬಾಡಿಗೆ ಮನೆಯ ನೆಟ್ ಮೂರು ದಿನ ಬಿಟ್ಟು ಬಿಟ್ಟು ಬಂದು ಸತಾಯಿಸಿತು. ನಾಲ್ಕನೆಯ ದಿನ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಹೆಗಲಿಗೊಂದು ಚೀಲ ಹಾಕಿಕೊಂಡು ಬಾಗಿಲಿಗೆ ಬಂದರು. ಒಳಗೆ ಬಂದವರು ಡಬ್ಬಿಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

"ಡಬ್ಬಿ ಆಮ್ಯಾಲೆ ನೋಡೋಣ್ರಿ ಸರ್. ನೆಟ್ ಹೋಗೋಕಿಂತ ಮೊದ್ಲು ನೀವು ಏನು ಮಾಡಿರ್ತೀರಿ, ಅದು ಹೇಳ್ರಿ," ಎಂದರು.

ನಾನು ಏನೂ ಮಾಡುವುದಿಲ್ಲ, ಚಹಾ ಕುಡಿದು ಬರುತ್ತೇನೆ, ಬರುವಷ್ಟರಲ್ಲಿ ನೆಟ್ ಹೋಗಿರುತ್ತದೆ ಎಂದೆ. ಅವರು ಎದ್ದು ಬಾಗಿಲನ್ನು ಪೂರ್ತಿ ಹಿಂದಕ್ಕೆ ತಳ್ಳಿದರು. ಡಬ್ಬಿಯ ಪ್ಲಗ್ಗು ಇದ್ದದ್ದು ಬಾಗಿಲ ಹಿಂದಿನ ಬೋರ್ಡಿನಲ್ಲಿ. ನಾನು ಚಹಾಕ್ಕೆ ಹೋಗುವಾಗಲೆಲ್ಲ ಬಾಗಿಲು ಹೋಗಿ ಆ ಪ್ಲಗ್ಗಿಗೆ ತಾಗುತ್ತಿತ್ತು. ಹದಿನೈದು ವರ್ಷ ಗಣಿತ ಕಲಿಸಿದವನಿಗೆ ಅದು ಹೊಳೆದಿರಲಿಲ್ಲ. ನಿಗಾರ್ ನಗಲಿಲ್ಲ. ಪ್ಲಗ್ಗನ್ನು ಬೇರೆ ಬೋರ್ಡಿಗೆ ಹಾಕಿ, ಒಂದು ಲೋಟ ನೀರು ಕುಡಿದು ಹೋದರು.

ಆಮೇಲೆ ಅವರ ಮನೆಯವರೊಡನೆ ಬಳಕೆ ಬೆಳೆಯಿತು. ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ನಾನು ಕಂಡದ್ದು, ಉಳಿದದ್ದು ಅವರೂ ಅವರ ಗಂಡ ಜಮೀರ್ ಅವರೂ ಹೇಳಿದ್ದು.

ನಿಗಾರ್ ಹುಟ್ಟಿದ್ದು ಮಾನ್ವಿಯಲ್ಲಿ. ಅಪ್ಪ ಮೀರಾಹುಸೇನ ಅವರಿಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಕನ್ನಡ. ಹತ್ತನೇ ತರಗತಿ ಮುಗಿಸಿ ನಾಲ್ಕು ವರ್ಷ ಅಪ್ಪನ ಅಂಗಡಿಯ ಹಿಂದಿನ ಅಂಗಳದಲ್ಲಿ ಟ್ಯೂಬು ತೇಪೆ ಹಾಕಿದರು. ಹೆಣ್ಣುಮಗಳು ರಸ್ತೆಗೆ ಕಾಣುವಂತೆ ಕೂರಬಾರದೆಂದು ಅಂಗಳದಲ್ಲಿ ಕೂರುತ್ತಿದ್ದುದು, ಕೆಲಸ ಮಾತ್ರ ಅಂಗಡಿಯದೇ. ಹತ್ತೊಂಬತ್ತಕ್ಕೆ ಮದುವೆಯಾಗಿ ದೇವದುರ್ಗಕ್ಕೆ ಬಂದರು. ಜಮೀರ್ ಆಗ ಟೀವಿ ಕೇಬಲ್ಲಿನ ಲೈನ್‌ಮನ್. ಊರಿನ ಯಾವ ಕಂಬಕ್ಕೆ ಯಾವ ಕಡೆಯಿಂದ ಏಣಿ ಹಚ್ಚಿದರೆ ಭದ್ರ ಎಂಬುದು ಕಣ್ಣು ಮುಚ್ಚಿಕೊಂಡು ಗೊತ್ತಿದ್ದ ಮನುಷ್ಯ. ಮುಂದೆ ಅದೇ ಕಂಬಗಳ ಮೇಲೆ ಇಂಟರ್ನೆಟ್ಟಿನ ಫೈಬರ್ ವೈರು ಬಂತು, ಜಮೀರ್ ಅದನ್ನೂ ಕಲಿತರು.

ಆರು ವರ್ಷದ ಹಿಂದೆ, ಒಂದು ಬೇಸಿಗೆಯ ಗಾಳಿಯ ಮರುದಿನ, ವೈರಿನ ಮೇಲೆ ಬಿದ್ದಿದ್ದ ಬೇವಿನ ಕೊಂಬೆಯನ್ನು ಬಿಡಿಸುವಾಗ ಏಣಿ ಜಾರಿತು. ಬಲತೊಡೆಯ ಎಲುಬು ಮುರಿಯಿತು. ರಾಯಚೂರಿನ ದವಾಖಾನೆಯಲ್ಲಿ ರಾಡು ಹಾಕಿದರು. ನಾಲ್ಕು ತಿಂಗಳಿಗೆ ಎದ್ದು ಓಡಾಡಿದರೂ ಏಣಿ ಹತ್ತುವಂತಿರಲಿಲ್ಲ. ಕೇಬಲ್ ಆಫೀಸು ನಡೆಸುವ ಆಸಿಫ್ ಒಳ್ಳೆಯ ಮನುಷ್ಯ. ಜಮೀರ್ ಅವರಿಗೆ ಮೇಜಿನ ಮುಂದೆ ಕೂತು ವೈರು ಕೂಡಿಸುವ ಕೆಲಸ ಕೊಟ್ಟರು. ನಿಗಾರ್ ಅವರಿಗೆ ಕಂಪ್ಲೇಂಟಿನ ಫೋನ್ ಎತ್ತುವ ಕೆಲಸ ಕೊಟ್ಟರು.

ಫೋನಿನ ಮುಂದೆ ಕೂತ ಮೊದಲ ವಾರ ನಿಗಾರ್‌ಗೆ ಏನೂ ತಿಳಿಯುತ್ತಿರಲಿಲ್ಲ. ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡಬ್ಬಿಯೊಂದನ್ನು ಎತ್ತಿಕೊಂಡು ಬಂದು ಮೇಜಿನ ಮೇಲೆ ಇಟ್ಟುಕೊಂಡರು. ಆ ಕಡೆಯವರು ಮಾತಾಡುವಾಗ ಅದನ್ನು ನೋಡುತ್ತಾ, ಅದರ ವೈರು ಮುಟ್ಟುತ್ತಾ ಉತ್ತರ ಕೊಡುವರು.

"ಕೆಂಪು ಲೈಟ್ ಹತ್ತೇದೇನ್ರಿ?"

"ಯಾವ ಲೈಟ್ ಕಾಣವಲ್ದು ಬೇ. ಮ್ಯಾಲೆ ಹೂವಿನ ಬಟ್ಟಿ ಹೊಚ್ಚೀನಿ, ಧೂಳ ಬೀಳತದಂತ."

"ಮೊದ್ಲು ಆ ಬಟ್ಟಿ ತೆಗೀರಿ ಯವ್ವಾ. ಈ ಬಿಸಲಾಗ ನಿಮಗ ಕಂಬಳಿ ಹೊಚ್ಚಿದ್ರ ಹ್ಯಾಂಗ ಆಗತದ? ಅದಕ್ಕೂ ಹಂಗ ಆಗ್ಯಾದ."

ಹೀಗೆ ಫೋನಿನಲ್ಲೇ ಅರ್ಧ ಊರಿನ ಮನೆಗಳ ಒಳಗು ಅವರಿಗೆ ಗೊತ್ತಾಯಿತು. ಕಳ್ಳರ ಭಯಕ್ಕೆ ಡಬ್ಬಿಯನ್ನು ಕಬ್ಬಿಣದ ಟ್ರಂಕಿನೊಳಗೆ ಇಟ್ಟು ಬೀಗ ಹಾಕಿದವರು, ಅಡುಗೆಮನೆಯ ಸ್ಟೀಲ್ ಡಬರಿಗಳ ಹಿಂದೆ ಅಡಗಿಸಿಟ್ಟವರು, ಕರೆಂಟು ಉಳಿಸಲು ಗಂಟೆಗೊಮ್ಮೆ ಬಟನ್ ಆರಿಸಿ ಹಚ್ಚುವವರು. ಯಾರಿಗೂ ಬೈಯುವ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ.

ಮನೆಗಳಿಗೆ ಖುದ್ದಾಗಿ ಹೋಗಲು ಶುರುವಾದದ್ದು ಜೈಬುನ್ನೀಸಾ ಅವರಿಂದ. ಜೈಬುನ್ನೀಸಾ ಅವರ ಮನೆಯ ಗಂಡಸರು ಬೆಳಗ್ಗೆ ಬಜಾರಿನ ಅಂಗಡಿಗೆ ಹೋದರೆ ಬರುವುದು ರಾತ್ರಿಯ ಇಶಾ ನಮಾಜು ಮುಗಿಸಿಕೊಂಡೇ. ಲೈನ್‌ಮನ್ ಮಧ್ಯಾಹ್ನ ಬಂದು ಬಾಗಿಲು ಬಡಿಯುವನು, ಒಬ್ಬರೇ ಇರುವ ಹೆಂಗಸು ಬಾಗಿಲು ತೆಗೆಯರು, ಅವನು ವಾಪಸು ಹೋಗುವನು. ಮೂರು ವಾರ ಇದೇ ನಡೆಯಿತು. ಒಂದು ದಿನ ಊಟದ ಬಿಡುವಿನಲ್ಲಿ ನಿಗಾರ್ ತಾವೇ ನಡೆದು ಹೋದರು. ಚಳಿಗಾಲದಲ್ಲಿ ಚೆನ್ನಾಗಿದ್ದ ನೆಟ್ ಯುಗಾದಿ ಆದಮೇಲೆ ಒಳಗಿನ ಕೋಣೆಗೆ ಬರುತ್ತಲೇ ಇಲ್ಲ ಎಂದು ಜೈಬುನ್ನೀಸಾ ದಖ್ಖನಿಯಲ್ಲಿ ಗೋಳು ತೋಡಿಕೊಂಡರು. ನಿಗಾರ್ ಸುತ್ತ ನೋಡಿದರು. ಬೇಸಿಗೆ ಬಂತೆಂದು ಹೊರತೆಗೆದ ದೊಡ್ಡ ತಗಡಿನ ಕೂಲರು, ಹೊಟ್ಟೆ ತುಂಬ ನೀರು ತುಂಬಿಕೊಂಡು, ಡಬ್ಬಿಗೂ ಒಳಕೋಣೆಗೂ ನಡುವೆ ಗೋಡೆಯಂತೆ ನಿಂತಿತ್ತು. ಇಬ್ಬರೂ ಸೇರಿ ಅದನ್ನು ಕಿಟಕಿಗೆ ದೂಡಿದರು. ಅಷ್ಟೇ ಕೆಲಸ.

ಸುದ್ದಿ ಓಣಿಯಿಂದ ಓಣಿಗೆ ಹೋಯಿತು. "ಆ ಹೆಣ್ಮಗಳನ್ನ ಕಳಸ್ರಿ" ಎಂದು ಫೋನುಗಳು ಬರತೊಡಗಿದವು. ಜಮೀರ್‌ಗೆ ಇದು ಅಷ್ಟು ಹಿಡಿಸಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ "ಲೋಗಾಂ ಕ್ಯಾ ಬೋಲಿಂಗೆ?" ಎಂದರು, ಜನ ಏನಂದಾರು ಎಂದು. ನಿಗಾರ್ ರೊಟ್ಟಿ ಮುರಿಯುತ್ತಾ, ನೆಟ್ ಬಂದಮೇಲೆ ಜನ ಏನೂ ಅನ್ನುವುದಿಲ್ಲ, ಫೋನಿನೊಳಗೆ ಮುಖ ಹಾಕಿಕೊಂಡು ಕೂರುತ್ತಾರೆ ಎಂದರು. ಜಮೀರ್ ನಕ್ಕುಬಿಟ್ಟರು. ಮರುದಿನ ತಮ್ಮ ಹಳೆಯ ಚೀಲವನ್ನು ಒರೆಸಿ, ಬೆಳಕು ಅಳೆಯುವ ಚಿಕ್ಕ ಮೀಟರನ್ನು ಅದರೊಳಗೆ ಇಟ್ಟು ಹೆಂಡತಿಗೆ ಕೊಟ್ಟರು. ಅದನ್ನು ಹೇಗೆ ಓದಬೇಕೆಂದೂ ಕಲಿಸಿದರು. ಫೈಬರಿನೊಳಗೆ ಹರಿಯುವುದು ಕರೆಂಟಲ್ಲ, ಕೂದಲಿನಂಥ ಗಾಜಿನ ಎಳೆಯೊಳಗೆ ಓಡುವ ಬೆಳಕು. ಮೀಟರಿನ ಅಂಕಿ ಇಪ್ಪತ್ತು, ಇಪ್ಪತ್ತೊಂದು ಇದ್ದರೆ ಬೆಳಕು ಚೆನ್ನಾಗಿದೆ. ಅಂಕಿ ಏರಿದಷ್ಟೂ ಬೆಳಕು ದಾರಿಯಲ್ಲಿ ಎಲ್ಲೋ ಸೋರುತ್ತಿದೆ ಎಂದು ಅರ್ಥ.

ಈಗ ನಾಗರತ್ನಾ ಎಂಬವಳ ಮನೆಯ ಸಂಗತಿ. ಇದು ಎರಡು ವರ್ಷದ ಹಿಂದಿನ ಮಳೆಗಾಲದ್ದು.

ಆಫೀಸಿನ ಕಂಪ್ಯೂಟರಿನಲ್ಲಿ ಹಳೆಯ ಕಂಪ್ಲೇಂಟುಗಳನ್ನು ನೋಡುತ್ತಿದ್ದ ನಿಗಾರ್‌ಗೆ ಒಂದೇ ನಂಬರು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಎಣಿಸಿದರು, ಒಂಬತ್ತು ಸಲ. ಎರಡು ಸಲ "ಹೋಗಿ ನೋಡಿದೆ, ಎಲ್ಲ ಸರಿ ಇದೆ" ಎಂದಿತ್ತು. ಉಳಿದ ಏಳಕ್ಕೂ ಒಂದೇ ಸಾಲು: "ಗ್ರಾಹಕರು ಫೋನ್ ಎತ್ತಲಿಲ್ಲ. ಮುಕ್ತಾಯ." ಅವರು ಆಫೀಸಿನ ವಾಟ್ಸಾಪ್ ತೆಗೆದು ಆ ನಂಬರಿನಿಂದ ಬಂದ ಮೆಸೇಜು ಓದಿದರು. "ಸಂಜೆ ನಾಲ್ಕು ಕೈ ನಿಲ್ಲುತ್ತದೆ. ಮಿನಾಜ್ ಅರ್ಧ ಕೈ. ಸೋಮವಾರ ಚೆನ್ನಾಗಿ. ಮಳೆ ಚೆನ್ನಾಗಿ. ಬನ್ನಿ."

"ಇದು ದವಾಖಾನಿಗೆ ಹಾಕಬೇಕಾಗಿದ್ದ ಮೆಸೇಜ್ ಆಪಾ, ತಪ್ಪಿ ನಮಗ ಬಂದದ," ಎಂದು ಪಕ್ಕದಲ್ಲಿದ್ದವರು ನಕ್ಕರು.

ಆಸಿಫ್ ಕೂಡ ತಲೆ ಕೊಡವಿದರು. "ಎರಡು ಸಲ ಮುಂಜಾನಿ ಹೋಗಿ ನೋಡ್ಯಾರ ಆಪಾ, ಎಲ್ಲಾ ಬರೋಬರಿ ಅದ. ಡಬ್ಬಿನೂ ಹೊಸಾದು ಹಾಕೇವಿ. ಮಳಿ ಬಂದ್ರ ನೆಟ್ ಕೆಡ್ತದ ಅಂತ ಊರಾಗೆಲ್ಲಾ ಅಂತಾರ, ಈಕಿ ಮಳಿ ಬಂದ್ರ ಚೊಲೊ ಅಂತಾಳ. ಫೋನ್ ಮಾಡಿದ್ರ ಎತ್ತಂಗಿಲ್ಲ. ನಾವೇನು ಮಾಡಬೇಕು?"

ಎಲ್ಲರೂ ಬೆಳಗ್ಗೆ ಹೋಗಿದ್ದಾರೆ, ಮೆಸೇಜಿನಲ್ಲಿ ಇರುವುದು ಸಂಜೆ ನಾಲ್ಕು ಎಂದು. ಇಷ್ಟು ಮಾತ್ರ ನಿಗಾರ್‌ಗೆ ಹೊಳೆದದ್ದು. ಮರುದಿನ ಮೂರೂವರೆಗೆ ಆ ಮನೆಯ ಬಾಗಿಲಿಗೆ ಹೋಗಿ ನಿಂತರು.

ಬಾಗಿಲು ತೆಗೆದವರು ಅಂಬಮ್ಮ, ಅರವತ್ತು ದಾಟಿದ ಗಟ್ಟಿ ದನಿಯ ಹೆಂಗಸು. ಕೇಬಲ್ ಆಫೀಸು ಎಂದ ಕೂಡಲೇ ಅವರ ಮುಖ ಗಂಟಾಯಿತು.

"ಈಗ ಬಂದೀರೇನವಾ. ನಮ್ಮ ಸೊಸಿಗೆ ಕಿವಿ ಕೇಳಂಗಿಲ್ಲ, ಮಾತೂ ಬರಂಗಿಲ್ಲ. ಅಕಿ ಮೆಸೇಜ್ ಹಾಕತಾಳ, ನೀವು ಫೋನ್ ಮಾಡತೀರಿ. ಎತ್ತಿ ಅಕಿ ಏನು ಮಾಡಬೇಕು, ಹೇಳು."

ಆ ಒಂದು ಗಳಿಗೆ ತಮಗೆ ಬಾಗಿಲಿನಿಂದಲೇ ತಿರುಗಿ ಹೋಗಬೇಕು ಅನ್ನಿಸಿತು ಎಂದು ನಿಗಾರ್ ನನಗೆ ಹೇಳಿದ್ದಾರೆ. ಏಳು ಸಲ ಆ ಫೋನ್ ಒಳಗೆಲ್ಲೋ ಸುಮ್ಮನೆ ಬಡಿದುಕೊಂಡಿತ್ತು. ಏಳು ಸಲ ಆಫೀಸಿನಲ್ಲಿ ಒಬ್ಬರು "ಮುಕ್ತಾಯ" ಎಂದು ಬರೆದಿದ್ದರು. ಆ ಫೋನ್ ಮಾಡಿದವರಲ್ಲಿ ತಾವೂ ಒಬ್ಬರೇನೋ, ನೆನಪಿಲ್ಲ.

"ತಪ್ಪಾಗ್ಯಾದ ಯವ್ವಾ," ಎಂದರು. "ನಮಗ ಗೊತ್ತಾಗಿಲ್ಲ. ಇವತ್ತು ಅದು ಬರೋಬರಿ ಆಗೋತನಕ ನಾ ಇಲ್ಲಿಂದ ಏಳಂಗಿಲ್ಲ."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ನಾಗರತ್ನಾ ಕೂತಿದ್ದಳು. ಇಪ್ಪತ್ತೆಂಟರ ಪ್ರಾಯ, ಚುರುಕು ಕಣ್ಣು. ಓಣಿಯ ಅರ್ಧ ಹೆಂಗಸರ ಜಂಪರುಗಳು ಅವಳ ಕೈಯವೇ. ತವರು ಮಾನ್ವಿ ತಾಲ್ಲೂಕಿನ ಕಲ್ಲೂರು. ಆರನೇ ವಯಸ್ಸಿಗೆ ಅಪ್ಪ ಅವಳನ್ನು ರಾಯಚೂರಿನ ಕಿವುಡ ಮಕ್ಕಳ ಶಾಲೆಗೆ ಬಿಟ್ಟರು. ಅಲ್ಲಿ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಪಕ್ಕ ಕೂತವಳು ಮಿನಾಜ್. ಮಿನಾಜ್ ಈಗಲೂ ರಾಯಚೂರಿನಲ್ಲೇ ಇದ್ದಾಳೆ, ಮದುವೆಯಾಗಿ ಎರಡು ಮಕ್ಕಳು. ನಾಗರತ್ನಾಳ ಗಂಡ ಹಂಪಯ್ಯ ಮಾನ್ವಿಯ ಒಂದು ರೈಸ್‌ಮಿಲ್ಲಿನ ಲಾರಿ ಓಡಿಸುತ್ತಾನೆ. ಪ್ರೀತಿಯ ಗಂಡ, ಆದರೆ ಅವನಿಗೆ ಬರುವುದು ಮೂವತ್ತು ನಲವತ್ತು ಸನ್ನೆ: ಊಟ, ನೀರು, ನಾಳೆ ಬರುತ್ತೇನೆ, ಡೀಸೆಲ್ ಎಂಬಂಥವು. ಅಂಬಮ್ಮನದು ತಮ್ಮದೇ ಸ್ವಂತ ಸನ್ನೆಗಳು. ಹಾಗಾಗಿ ನಾಗರತ್ನಾ ಮನಸ್ಸಿಗೆ ಬಂದದ್ದನ್ನೆಲ್ಲ ತಡೆಯಿಲ್ಲದೆ ಆಡುವುದು ದಿನಕ್ಕೆ ಒಂದು ಗಂಟೆ, ವಿಡಿಯೋದಲ್ಲಿ, ಮಿನಾಜ್ ಜೊತೆ. ನಾಲ್ಕರಿಂದ ಐದು. ಮಿನಾಜ್‌ಳ ಮಕ್ಕಳು ಆಗ ಟ್ಯೂಷನ್‌ಗೆ ಹೋಗಿರುತ್ತಾರೆ; ಐದರ ಮೇಲೆ ಇವಳ ಗಿರಾಕಿಗಳು ಬರತೊಡಗುತ್ತಾರೆ.

ಇದೆಲ್ಲ ಅಂಬಮ್ಮ ಹೇಳಿದ್ದು. ಅಷ್ಟರಲ್ಲಿ ನಾಗರತ್ನಾ ಅಳತೆ ಬರೆಯುವ ನೋಟುಪುಸ್ತಕವನ್ನು ತಿರುವಿ ಹಾಕಿ ಹಿಂದಿನ ಪುಟಗಳನ್ನು ನಿಗಾರ್ ಮುಂದೆ ಹಿಡಿದಳು. ಎರಡು ತಿಂಗಳ ತಾರೀಖುಗಳನ್ನು ಸಾಲಾಗಿ ಬರೆದಿದ್ದಳು. ಕೆಟ್ಟ ದಿನಕ್ಕೆ ಅಡ್ಡ ಗೀಟು, ಒಳ್ಳೆಯ ದಿನಕ್ಕೆ ಒಂದು ಚಿಕ್ಕ ಸೊನ್ನೆ. ಸೊನ್ನೆಗಳು ಇದ್ದದ್ದು ಸೋಮವಾರಗಳಲ್ಲಿ, ಮತ್ತೆ ಜೋರು ಮಳೆ ಬಂದ ಐದಾರು ದಿನಗಳಲ್ಲಿ. ಪಕ್ಕದಲ್ಲಿ ಸಮಯವೂ ಇತ್ತು. ನೆಟ್ ಕೆಡುವುದು ನಾಲ್ಕು ಗಂಟೆಯ ಮೇಲೆ, ಸರಿಹೋಗುವುದು ಎಂಟಕ್ಕೆ. ಆಫೀಸಿನ ಯಾವ ಲೈನ್‌ಮನ್ ಕೂಡ ಇಷ್ಟು ಅಚ್ಚುಕಟ್ಟಾಗಿ ಬರೆದದ್ದನ್ನು ನಿಗಾರ್ ಕಂಡಿರಲಿಲ್ಲ. "ಶಹಬ್ಬಾಸ್" ಎಂದರು. ಅದು ಕೇಳಿಸದು ಎಂದು ನೆನಪಾಗಿ ಹೆಬ್ಬೆರಳು ಎತ್ತಿ ತೋರಿಸಿದರು. ನಾಗರತ್ನಾ ನಕ್ಕಳು.

ನಾಲ್ಕಕ್ಕೆ ಮಿನಾಜ್ ಬಂದಳು. ಫೋನಿನ ಪರದೆಯಲ್ಲಿ ದುಂಡು ಮುಖ, ತಲೆಯ ಮೇಲೆ ಹಸಿರು ದುಪಟ್ಟಾ. ಇಬ್ಬರ ಕೈಗಳೂ ಒಟ್ಟಿಗೇ ಹೊರಟವು. ಇಷ್ಟು ಬೇಗ, ಇಷ್ಟು ಮಾತು ಕೈಯಲ್ಲಿ ಆಡಬಹುದೆಂದು ನಿಗಾರ್‌ಗೆ ಗೊತ್ತಿರಲಿಲ್ಲ. ಹತ್ತು ನಿಮಿಷ ಹೋಯಿತು. ಆಮೇಲೆ ಮಿನಾಜ್‌ಳ ಬಲಗೈ ಗಾಳಿಯಲ್ಲಿ, ಕಿವಿಯ ಹತ್ತಿರ, ಬೆರಳು ಅರ್ಧ ಬಿಚ್ಚಿಕೊಂಡು ಹಾಗೇ ನಿಂತುಬಿಟ್ಟಿತು. ಒಮ್ಮೆ ತಟಕ್ಕನೆ ಬೇರೆ ಕಡೆ ಹಾರಿತು, ಮತ್ತೆ ನಿಂತಿತು. ಮಾತಾಡುವವರಾದರೆ ಚಿತ್ರ ನಿಂತರೂ ದನಿಯಲ್ಲಿ ಅಷ್ಟೋ ಇಷ್ಟೋ ಕೇಳಿಸಿಕೊಳ್ಳುತ್ತಾರೆ. ಇವರಿಗೆ ಕೈ ನಿಂತರೆ ಎಲ್ಲವೂ ನಿಂತ ಹಾಗೆ. ನಾಗರತ್ನಾ ಸ್ವಲ್ಪ ಹೊತ್ತು ಆ ನಿಂತ ಕೈಯನ್ನು ನೋಡಿದಳು. ಆಮೇಲೆ ಫೋನನ್ನು ಬೋರಲಾಗಿ ಇಟ್ಟು ಕತ್ತರಿ ಕೈಗೆತ್ತಿಕೊಂಡಳು. ಇದು ಅವಳಿಗೆ ರೂಢಿಯಾಗಿಹೋಗಿತ್ತು.

ನಿಗಾರ್ ಡಬ್ಬಿಯಿಂದ ವೈರು ಬಿಡಿಸಿ ಮೀಟರಿಗೆ ಹಚ್ಚಿದರು. ಇಪ್ಪತ್ತೆಂಟು. ಬೆಳಕು ಈ ಮನೆಗೂ ಕಂಬಕ್ಕೂ ನಡುವೆ ಎಲ್ಲೋ ಸೋರುತ್ತಿತ್ತು. ಚಪ್ಪಲಿ ಮೆಟ್ಟಿ ಹೊರಗೆ ಬಂದು ತಲೆ ಎತ್ತಿಕೊಂಡು ವೈರಿನ ಹಿಂದೆಯೇ ನಡೆದರು. ಗೋಡೆಯುದ್ದಕ್ಕೂ ಸರಿಯಾಗಿಯೇ ಇತ್ತು. ಮೂಲೆಗೆ ಬಂದಾಗ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂತು. ಯಮನೂರಪ್ಪನವರ ಗಾಡಿ. ಬಾಣಲೆಯಲ್ಲಿ ಮೊದಲ ಸುತ್ತು ಬೇಯುತ್ತಿತ್ತು, ಮೇಲೆ ನೆರಳಿಗೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಕಟ್ಟಿತ್ತು. ತಾಡಪತ್ರಿಯ ಒಂದು ಹಗ್ಗ ಗೋಡೆಯ ಕಬ್ಬಿಣದ ಕೊಕ್ಕೆಗೆ ಹೋಗಿತ್ತು. ನಾಗರತ್ನಾಳ ಮನೆಯ ವೈರು ಹಾದದ್ದೂ ಅದೇ ಕೊಕ್ಕೆಯ ಮೇಲಿಂದ. ಬಿಗಿಯಾದ ಹಗ್ಗ ವೈರನ್ನು ಕೊಕ್ಕೆಯ ಅಂಚಿಗೆ ಒತ್ತಿ, ಮೊಣಕೈ ಮಡಚಿದಂತೆ ಮಡಚಿಬಿಟ್ಟಿತ್ತು.

"ಕಾಕಾ, ಗಾಡಿ ಎಷ್ಟಕ್ಕ ಹಚ್ಚತೀರಿ?" ಎಂದು ಕೇಳಿದರು.

"ನಾಕಕ್ಕ ಬರತೀನಿ ತಂಗಿ. ಎಂಟಕ್ಕ ಮುಚ್ಚತೀನಿ. ಯಾಕ?"

"ಸೋಮವಾರ?"

"ಸೋಮವಾರ ಎಣ್ಣಿ ಇಡಂಗಿಲ್ಲ. ನಮ್ಮ ಮನಿದೇವ್ರ ವಾರ."

"ಮಳಿ ಬಂದ್ರ?"

"ಈ ಮೂಲ್ಯಾಗ ಮೊಣಕಾಲತನ ನೀರು ನಿಂದ್ರತಾವು. ಗಾಡಿ ಹ್ಯಾಂಗ ಹಚ್ಚಲಿ?" ಇಷ್ಟು ಹೇಳುವಷ್ಟರಲ್ಲಿ ಯಮನೂರಪ್ಪನವರಿಗೆ ಅನುಮಾನ ಬಂದಿತ್ತು. "ನೀನು ಯಾವ ಆಫೀಸಿನಾಕಿ? ಗಾಡಿ ಎತ್ತಸಾಕ ಬಂದೀಯೇನು? ಹನ್ನೆರಡು ವರ್ಷ ಆತು ನಾ ಇಲ್ಲಿ ನಿಂದ್ರಾಕತ್ತಿ. ಈ ತಾಡಪತ್ರಿ ಅಷ್ಟ ಎರಡು ತಿಂಗಳಾತು ಕಟ್ಟಿ."

"ಗಾಡಿ ಯಾರೂ ಎತ್ತಸಂಗಿಲ್ಲ ಕಾಕಾ. ಆ ಹಗ್ಗ ಒಂದು ನಿಮಿಷ ಸಡ್ಲ ಬಿಡ್ರಿ. ಏನಾಗತದ ನೋಡೋಣು."

ಅವರು ಗೊಣಗುತ್ತಲೇ ಗಂಟು ಸಡಿಲಿಸಿದರು. ನಿಗಾರ್ ಒಳಗೆ ಹೋಗಿ ಅಂಕಿ ನೋಡಿದರು, ಇಪ್ಪತ್ತೊಂದು. ವೈರನ್ನು ಮತ್ತೆ ಡಬ್ಬಿಗೆ ಹಚ್ಚಿದರು. ಹಸಿರು ದೀಪಗಳು ಒಂದೊಂದಾಗಿ ಬರಲು ಎರಡು ನಿಮಿಷ ಹಿಡಿಯಿತು. ಫೋನ್ ಬೆಳಗಿದ್ದು ಕಂಡು ನಾಗರತ್ನಾ ಎತ್ತಿದಳು. ಮಿನಾಜ್‌ಳ ಕೈ ಆಡುತ್ತಿತ್ತು. ನಿಗಾರ್ ಅವಳನ್ನು ರಟ್ಟೆ ಹಿಡಿದು ಹೊರಗೆ ಕರೆತಂದು, ಮೇಲಿನ ಕೊಕ್ಕೆ, ಹಗ್ಗ, ವೈರು ಮೂರನ್ನೂ ಬೆರಳಿಟ್ಟು ತೋರಿಸಿದರು. ನಾಗರತ್ನಾಳಿಗೆ ಕೂಡಲೇ ತಿಳಿಯಿತು. ಅವಳು ಯಮನೂರಪ್ಪನವರ ಹತ್ತಿರ ಹೋಗಿ ಫೋನನ್ನು ಅವರ ಮುಖದ ಮುಂದೆ ಹಿಡಿದಳು. ಪರದೆಯಲ್ಲಿ ಯಾರೋ ಹೆಣ್ಣುಮಗಳು ಕೈಯಾಡಿಸುತ್ತಾ ನಗುತ್ತಿದ್ದುದನ್ನು ಅವರು ನೋಡಿದರು.

"ಈ ಹುಡುಗಿ ಮಾತಾಡೋದು ಹಿಂಗೇನು?" ಎಂದು ನಿಗಾರ್ ಕಡೆ ತಿರುಗಿದರು. "ದಿನಾ ನನ್ನ ಕೈಯಾಗಿಂದ ಬಜಿ ಒಯ್ಯತಾಳ. ಅಕಿ ಮಾತು ನನ್ನ ಹಗ್ಗದಿಂದ ನಿಂತಿತ್ತೇನು?"

ಯಮನೂರಪ್ಪನವರು ಉಳಿದ ಮೂರು ಗಂಟನ್ನೂ ಬಿಚ್ಚಿ ತಾಡಪತ್ರಿಯನ್ನು ಪೂರ್ತಿ ಇಳಿಸಿ ಮಡಚಿ ಗಾಡಿಯ ಕೆಳಗೆ ತುರುಕಿದರು. ತಲೆಗೆ ಟವೆಲ್ ಸುತ್ತಿಕೊಂಡು ಇಳಿಬಿಸಿಲಿನಲ್ಲೇ ಬಜ್ಜಿ ಕರಿಯಲು ನಿಂತರು. "ಅಕಿ ಮಾತು ಮುಗೀಲಿ," ಎಂದರು.

ವೈರನ್ನು ಎತ್ತರಕ್ಕೆ ಸರಿಸುವ ಕೆಲಸ ಉಳಿದಿತ್ತು. ಮರುದಿನ ನೋಡಿದರೆ ಲೈನ್‌ಮನ್‌ಗಳಿಬ್ಬರೂ ಹಳ್ಳಿಗಳ ಕಡೆ ಹೋಗಿದ್ದರು, ಬರಲು ಎರಡು ದಿನ ಬೇಕು ಎಂದು ತಿಳಿಯಿತು. ಅಲ್ಲಿಯವರೆಗೂ ಆ ಮುದುಕ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ನಿಗಾರ್ ಆಫೀಸಿನ ಏಣಿಯ ಹತ್ತಿರ ಹೋಗಿ ನಿಂತದ್ದನ್ನು ಜಮೀರ್ ಮೇಜಿನಿಂದಲೇ ನೋಡಿದರು. ಅವರು ಬಿದ್ದ ದಿನದಿಂದ ಆ ಏಣಿಯನ್ನು ಮುಟ್ಟಿರಲಿಲ್ಲ, ಅದು ಒರಗಿಸಿದ್ದ ಗೋಡೆಯ ಕಡೆಗೇ ಹೋಗುತ್ತಿರಲಿಲ್ಲ. ಕೈಯಲ್ಲಿದ್ದ ವೈರು ಕೆಳಗಿಟ್ಟು ಎದ್ದು ಬಂದರು. ಬೇಡ ಎನ್ನುತ್ತಾರೆಂದು ನಿಗಾರ್ ಕಾದರು. ಅವರು ಹೇಳಿದ್ದು ಬೇರೆ. "ಸೀಡಿ ಮೈ ಪಕಡ್ತೂಂ," ಏಣಿ ನಾನು ಹಿಡಿಯುತ್ತೇನೆ ಎಂದು.

ಆ ದಿನ ಶಾಲೆ ಬಿಟ್ಟು ಬರುವಾಗ ನಾನೂ ಆ ಮೂಲೆಯಲ್ಲಿ ನಿಂತು ನೋಡಿದೆ. ನಿಗಾರ್ ದುಪಟ್ಟಾದ ತುದಿಯನ್ನು ಸೊಂಟಕ್ಕೆ ಸುತ್ತಿ ಬಿಗಿದು ಒಂದೊಂದೇ ಮೆಟ್ಟಿಲು ಹತ್ತಿದರು. ಏಣಿಯ ಒಂದು ಕಾಲನ್ನು ಜಮೀರ್, ಇನ್ನೊಂದನ್ನು ಯಮನೂರಪ್ಪನವರು ಹಿಡಿದಿದ್ದರು. ಜಮೀರ್ ಮೇಲೆ ನೋಡಲಿಲ್ಲ. ನೆಲ ನೋಡುತ್ತಾ, ಈಗ ಎಡಗೈ ಗೋಡೆಗೆ ಕೊಡು, ಮೊಳೆ ಪೂರ್ತಿ ಹೊಡೆಯಬೇಡ, ವೈರು ದುಂಡಗೆ ತಿರುಗಲಿ, ಚೂಪಾಗಿ ಮಡಚಬೇಡ ಎಂದು ಹೇಳಿಕೊಡುತ್ತಿದ್ದರು. ಕಣ್ಣು ಕೆಳಗಿದ್ದರೂ ಮೇಲಿನ ಒಂದೊಂದು ಅಂಗುಲವೂ ಅವರಿಗೆ ಕಾಣುತ್ತಿತ್ತು. ವೈರು ಎರಡು ಮೊಳ ಮೇಲಕ್ಕೆ ಹೋಯಿತು. ಯಮನೂರಪ್ಪನವರ ತಾಡಪತ್ರಿಗೆ ಗಾಡಿಗೇ ನಾಲ್ಕು ಬಿದಿರು ಗಳ ಕಟ್ಟಿಕೊಟ್ಟರು. ನಿಗಾರ್ ಇಳಿದು ನೆಲಕ್ಕೆ ಕಾಲಿಟ್ಟ ಮೇಲೂ ಜಮೀರ್ ಏಣಿ ಬಿಡಲಿಲ್ಲ. ನಿಗಾರ್ ಅವರ ಕೈ ಮೇಲೆ ಕೈಯಿಟ್ಟ ಮೇಲೆ ಬಿಟ್ಟರು.

ಮರುದಿನ ಸಂಜೆ ನಾಲ್ಕರಿಂದ ಐದರವರೆಗೆ ಒಮ್ಮೆಯೂ ಕೈ ನಿಲ್ಲಲಿಲ್ಲ. ನಿಗಾರ್ ಪಕ್ಕದಲ್ಲೇ ಕೂತಿದ್ದರು. ಮೊದಲ ಇಪ್ಪತ್ತು ನಿಮಿಷ ಗೆಳತಿಯರಿಬ್ಬರ ಕೈಗಳೂ ಬಿರುಸಾಗಿ ಬೀಸಿದವು, ಹುಬ್ಬು ಗಂಟಿಕ್ಕಿದವು, ನಾಗರತ್ನಾ ಒಮ್ಮೆ ತೊಡೆಯ ಮೇಲೆ ಗುದ್ದಿದಳು. ಏನಾಯಿತೆಂದು ನಿಗಾರ್‌ಗೆ ಗಾಬರಿ. ನೋಟುಪುಸ್ತಕದಲ್ಲಿ ಬರೆದು ಕೇಳಿದರು. ನಾಗರತ್ನಾ ಒಂದೇ ಪದ ಬರೆದಳು: "ಜಗಳ." ಎರಡು ತಿಂಗಳಿಂದ ನಾಗರತ್ನಾ ಬೇಕೆಂದೇ ಕಾಲ್ ಕಟ್ ಮಾಡುತ್ತಿದ್ದಾಳೆ, ತನ್ನ ಮೇಲೆ ಬೇಸರ ಬಂದಿದೆ ಎಂದು ಮಿನಾಜ್ ತಿಳಿದುಕೊಂಡಿದ್ದಳಂತೆ. ಅರ್ಧ ಅರ್ಧ ಕಾಣುವ ಕೈಯಲ್ಲಿ ಅದನ್ನು ಬಿಡಿಸಿ ಹೇಳುವುದು ಹೇಗೆ? ತುಂಡು ತುಂಡಾಗಿ ಸಿಟ್ಟಾಗಿದ್ದವರು ಈಗ ಪೂರ್ತಿಯಾಗಿ ಜಗಳವಾಡಿ ಮುಗಿಸಿದರು. ಆಮೇಲೆ ಮಿನಾಜ್ ಅತ್ತಳು, ನಾಗರತ್ನಾ ಅವಳ ಅಳುವನ್ನೇ ಅಣಕಿಸಿ ನಗಿಸಿದಳು. ಕೊನೆಗೆ ಫೋನನ್ನು ನಿಗಾರ್ ಕಡೆ ತಿರುಗಿಸಿ ಪರಿಚಯ ಮಾಡಿಕೊಟ್ಟಳು. ಸನ್ನೆಯವರು ತಮ್ಮವರಿಗೆಲ್ಲ ಒಂದೊಂದು ಸನ್ನೆಯ ಹೆಸರು ಇಡುತ್ತಾರೆ. ನಾಗರತ್ನಾ ಸೊಂಟದ ಹತ್ತಿರ ಕೈ ತಂದು ಬಟ್ಟೆ ಬಿಗಿದು ಕಟ್ಟುವಂತೆ ಮಾಡಿದಳು. ಮಿನಾಜ್ ಅದನ್ನೇ ಮಾಡಿ ತಲೆಯಾಡಿಸಿದಳು. ಆ ಬಳಗದಲ್ಲಿ ನಿಗಾರ್ ಅವರ ಹೆಸರು ಅಂದಿನಿಂದ ಅದೇ.

ಆಫೀಸಿನಲ್ಲಿ ನಿಗಾರ್ ದನಿ ಏರಿಸಿ ಮಾತಾಡಿದ್ದು ಅದೊಂದೇ ಸಲ ಎನ್ನುತ್ತಾರೆ. "ಫೋನ್ ಎತ್ತಲಿಲ್ಲ, ಮುಕ್ತಾಯ" ಎಂಬ ಸಾಲನ್ನು ಎಲ್ಲರೆದುರು ಏಳು ಸಲ ಓದಿದರು. "ಫೋನ್ ಎತ್ತಲಿಲ್ಲ ಅಂದ್ರ ಯಾಕ ಎತ್ತಲಿಲ್ಲ ಅಂತ ನೋಡಬೇಕಲ್ಲ ಆಸಿಫ್. ನಾವು ಒಬ್ಬರೂ ನೋಡಲಿಲ್ಲ. ನಾನೂ ನೋಡಲಿಲ್ಲ." ಆಸಿಫ್ ಆ ನಂಬರಿನ ಮುಂದೆ "ಫೋನ್ ಮಾಡಬೇಡಿ, ಮೆಸೇಜ್ ಮಾತ್ರ" ಎಂದು ಬರೆಸಿದರು. ಹಳೆಯ ಪಟ್ಟಿಯನ್ನೆಲ್ಲ ಜಾಲಾಡಿದಾಗ ಇಂಥದೇ ಇನ್ನೂ ಮೂರು ಮನೆ ಸಿಕ್ಕವು. ಒಂದರಲ್ಲಿ ಅಣ್ಣತಂಗಿ ಇಬ್ಬರಿಗೂ ಕಿವಿ ಕೇಳದು. ಇನ್ನೊಂದರಲ್ಲಿ ಇದ್ದದ್ದು ಲಕ್ವ ಹೊಡೆದು ಮಾತು ಹೋದ ಪಾರ್ವತೆಮ್ಮ ಎಂಬ ಹಿರಿಯರು. ನಿಗಾರ್ ಆ ಮೂರಕ್ಕೂ ಹೋಗಿ ಬಂದರು. ಸೋಮವಾರ ಮಧ್ಯಾಹ್ನ ನಾಗರತ್ನಾಳ ಹತ್ತಿರ ಸನ್ನೆ ಕಲಿಯಲು ಕೂರತೊಡಗಿದರು. ನೂರೈವತ್ತು ಬರುತ್ತವೆ ಎನ್ನುತ್ತಾರೆ, ಅದರಲ್ಲಿ ಅರ್ಧ ತಪ್ಪು ಎಂದು ನಾಗರತ್ನಾ ಬರೆದು ತೋರಿಸುತ್ತಾಳೆ. ಓಣಿಯಲ್ಲಿ ಯಾರಾದರೂ ಅವಳನ್ನು ಮೂಗಿ ಎಂದರೆ ನಿಗಾರ್, "ಅಕಿಗೆ ನಾಗರತ್ನಾ ಅಂತ ಹೆಸರದ," ಎಂದು ತಣ್ಣಗೆ ತಿದ್ದುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಒಂದು ಭಾನುವಾರ ಬೆಳಗ್ಗೆ ರಾಯಚೂರಿನ ಬಸ್ಸಿನಲ್ಲಿ ನಿಗಾರ್, ನಾಗರತ್ನಾ ಇಬ್ಬರೂ ನನಗೆ ಸಿಕ್ಕರು. ಮಿನಾಜ್ ಊಟಕ್ಕೆ ಕರೆದಿದ್ದಾಳೆ ಎಂದು ಹೊಸ ಸೀರೆ ಉಟ್ಟಿದ್ದ ನಾಗರತ್ನಾಳ ಮಡಿಲಲ್ಲಿ ಒಂದು ಡಬ್ಬಿ, ಅದರಲ್ಲಿ ಅಂಬಮ್ಮ ಮಾಡಿಕೊಟ್ಟ ಶೇಂಗಾ ಹೋಳಿಗೆ. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಮಿನಾಜ್ ಗಂಡ ಮಕ್ಕಳ ಜೊತೆ ಕಾಯುತ್ತಿದ್ದಳು. ಗೆಳತಿಯರು ತಬ್ಬಿಕೊಂಡರು. ತಬ್ಬಿಕೊಂಡರೆ ಮಾತಾಡಲು ಕೈ ಇರುವುದಿಲ್ಲ, ಅದಕ್ಕೆ ಬೇಗ ಬಿಟ್ಟು ಅಲ್ಲೇ ನಿಂತು ಶುರುಮಾಡಿದರು. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ನಾವೆಲ್ಲ ಕೂಗಿ ಕೂಗಿ ಮಾತಾಡುತ್ತಿದ್ದರೆ ಅವರಿಬ್ಬರಿಗೆ ಯಾವ ತೊಂದರೆಯೂ ಇರಲಿಲ್ಲ. ನಾನು ನನ್ನ ದಾರಿ ಹಿಡಿದೆ.

ಮುಂದಿನದನ್ನು ನಿಗಾರ್ ಹೇಳಿದರು. ಮಿನಾಜ್‌ಳ ಮನೆಯಲ್ಲಿ ನೆಲಕ್ಕೆ ಊಟದ ದಸ್ತರಖಾನು ಹಾಸಿ ಬಿರಿಯಾನಿ ತಂದಿಟ್ಟಾಗ, ಮಿನಾಜ್ ಏನೋ ನೆನಪಾದವಳಂತೆ ಮೇಲಿನ ಗೂಡಿನಲ್ಲಿದ್ದ ತಮ್ಮ ವೈಫೈ ಡಬ್ಬಿಯನ್ನು ತೋರಿಸಿ, ಅಡುಗೆಮನೆಗೆ ಹೋದರೆ ಸಿಗ್ನಲ್ ಸಾಯುತ್ತದೆ ಎಂದು ಸನ್ನೆ ಮಾಡಿದಳು. ಅದು ನಿಗಾರ್‌ಗೆ ಪೂರ್ತಿ ಅರ್ಥವಾಯಿತು. ಖುಷಿಗೆ ತಟ್ಟನೆ ಎದ್ದು ಗೂಡಿನ ಕಡೆ ಹೊರಟರು. ನಾಗರತ್ನಾ ಕೈ ಹಿಡಿದು ಎಳೆದು ಕೂರಿಸಿದಳು. ತಟ್ಟೆಯನ್ನು ಅವರ ಮುಂದೆ ಸರಿಸಿ, ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ತೋರಿಸಿದಳು.

"ಆ ಸನ್ನಿ ಯಾರಿಗೆ ಬರಂಗಿಲ್ಲ ಹೇಳ್ರಿ ಸರ್," ಎಂದು ನಿಗಾರ್ ನಕ್ಕರು. "ಎರಡು ಸಲ ಬಡಿಸ್ಕೊಂಡು ಉಂಡೆ. ಆಮ್ಯಾಲೆ ಡಬ್ಬಿ ನೋಡಿದೆ."